ಕಳೆಗೆ ನೀರು ಬಿಟ್ಟ ರಂಗಮ್ಮ

ಬೇಡದ ಹುಲ್ಲು ಕಣ್ಣಿಗೆ ಬಿದ್ದರೆ ರಂಗಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಳೆಂದರೆ ಸಿಮೆಂಟಿನ ಬಿರುಕಿನಲ್ಲಿ ಎದ್ದ ಹುಲ್ಲನ್ನೆಲ್ಲ ಕಿತ್ತು ಒಂದು ಕಡೆ ಗುಡ್ಡೆ ಹಾಕಿಯೇ ಬಸ್ ಹತ್ತುವಳು. ದೇವಸ್ಥಾನ ಸುತ್ತುವಾಗಲೂ ಅಷ್ಟೇ. ಒಂದೊಂದು ಸುತ್ತಿಗೆ ಒಂದೊಂದು ಹಿಡಿ. ಅದರಲ್ಲಿ ಗರಿಕೆಯನ್ನು ಮಾತ್ರ ಆರಿಸಿ ಗಣಪತಿಯ ಮುಂದಿಟ್ಟು, ಉಳಿದದ್ದನ್ನು ಕಾಂಪೌಂಡಿನಾಚೆ ಎಸೆದು ಕೈಮುಗಿಯುವಳು. ಪೂಜಾರರು ಅವಳಿಗೆ ಎರಡು ಬಾಳೆಹಣ್ಣು ಹೆಚ್ಚಿಗೆ ಕೊಡುತ್ತಿದ್ದುದು ಭಕ್ತಿಗೋ ಅಂಗಳ ಚೊಕ್ಕವಾದದ್ದಕ್ಕೋ, ಅವರಿಗೇ ಗೊತ್ತು.

ಕೊಡಗು ಎಂದರೆ ಕಾಫಿ ಎಂದುಕೊಂಡು ಬಂದವರು ನಮ್ಮ ಚಿಕ್ಕಕೊಪ್ಪಲಿನ ಬಯಲನ್ನು ಕಂಡು "ಇದೂ ಕೊಡಗೇನಾ?" ಎಂದು ಕೇಳುವುದುಂಟು. ಇಲ್ಲಿ ರಾಗಿ, ಮುಸುಕಿನ ಜೋಳ, ಅಲ್ಲಲ್ಲಿ ಶುಂಠಿ. ರಂಗಮ್ಮನ ಗಂಡ ಸಣ್ಣಸ್ವಾಮಿಯ ತಾತ ಅರಕಲಗೂಡು ಕಡೆಯಿಂದ ಬರುವಾಗ ಒಂದು ಮೂಟೆ ಬಿತ್ತನೆ ರಾಗಿ ಹೊತ್ತು ತಂದನಂತೆ. ಆ ರಾಗಿಯೊಳಗೆ ಸೇರಿಕೊಂಡು ಬಂದ ಕಳೆಯ ಬೀಜಗಳೂ ನಮ್ಮ ಜೊತೆಗೇ ವಲಸೆ ಬಂದ ನೆಂಟರು ಎಂದು ಸಣ್ಣಸ್ವಾಮಿ ಹೇಳುತ್ತಿದ್ದ. ಅವನು ನಿಧಾನದ ಮನುಷ್ಯ. ನೆಂಟರನ್ನು ಓಡಿಸುವ ಕೆಲಸವನ್ನು ಹೆಂಡತಿಗೆ ಬಿಟ್ಟಿದ್ದ.

ಕಳೆ ಕೀಳುವುದರಲ್ಲಿ ಅವಳನ್ನು ಮೀರಿಸುವವರು ಆಸುಪಾಸಿನಲ್ಲಿ ಇರಲಿಲ್ಲ. ರಾಗಿ ಪೈರಿನ ನಡುವೆ ಥೇಟ್ ರಾಗಿಯಂತೆಯೇ ಕಾಣುವ ಹುಲ್ಲೊಂದು ಬೆಳೆಯುತ್ತದೆ. ಎಷ್ಟೋ ಜನ ಅದನ್ನು ಉಳಿಸಿ ರಾಗಿಯನ್ನೇ ಕಿತ್ತು ಹಾಕುತ್ತಾರೆ. ರಂಗಮ್ಮ ಬುಡ ಮುಟ್ಟಿದರೆ ಸಾಕು, ತಪ್ಪುತ್ತಿರಲಿಲ್ಲ. ಊರ ಹೆಂಗಸರು ಮುಯ್ಯಾಳು ಮಾಡಿಕೊಂಡು ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಕೂತು ಕಳೆ ಕೀಳುವಾಗ ಅವಳ ಸಾಲು ಎಲ್ಲರಿಗಿಂತ ಮುಂದೆ. ಕೈಯ ಜೊತೆಗೆ ಬಾಯಿಯೂ ಅಷ್ಟೇ ಮುಂದೆ. ಯಾರ ಸೊಸೆ ಯಾರ ಅತ್ತೆಗೆ ಏನೆಂದಳು, ಯಾವ ಮನೆಯ ಕೋಳಿ ಯಾವ ಮನೆಯಲ್ಲಿ ಮೊಟ್ಟೆಯಿಡುತ್ತಿದೆ, ಎಲ್ಲವೂ ಆ ಸಾಲುಗಳ ನಡುವೆ ಇತ್ಯರ್ಥವಾಗುತ್ತಿದ್ದವು. ಅವಳ ಪಕ್ಕದ ಸಾಲು ಯಾವಾಗಲೂ ಕೆಂಚಿಯದು. ಕೆಂಚಿ ಅವಳ ಗೆಳತಿ, ಪಕ್ಕದ ಹೊಲದವಳು. ಮುಂದಿರುವವಳ ಮಾತು ಕೇಳಿಸಬೇಕಲ್ಲ ಎಂಬ ಆಸೆಗೇ ಕೆಂಚಿಯ ಕೈಯೂ ಬಿರುಸಾಗಿತ್ತು.

ಈ ಕೈಚಳಕದಿಂದ ಒಮ್ಮೆ ಮಗನ ಮದುವೆಯೇ ಮುರಿದು ಬೀಳುವುದರಲ್ಲಿತ್ತು.

ಮಗ ಸತೀಶ್ ಕುಶಾಲನಗರದಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಅವನಿಗೆ ಹೆಣ್ಣು ನೋಡಲು ಸುಂಟಿಕೊಪ್ಪದ ಹತ್ತಿರ ವಿಮಲಮ್ಮ ಎಂಬವರ ಮನೆಗೆ ಹೋಗಿದ್ದರು. ವಿಮಲಮ್ಮನದು ಪುಟ್ಟ ಕಾಫಿ ತೋಟ, ಮನೆ ಮುಂದೆ ಒಪ್ಪವಾದ ಅಂಗಳ. ಒಳಗೆ ಗಂಡಸರು ಜಾತಕ ಬಿಚ್ಚಿದ್ದರು. ರಂಗಮ್ಮ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಳು. ವಿಮಲಮ್ಮ ತಟ್ಟೆಯಲ್ಲಿ ಕಜ್ಜಾಯ ಇಟ್ಟುಕೊಂಡು ಹೊರಗೆ ಬರುವಷ್ಟರಲ್ಲಿ ಅಂಗಳದ ಒಂದು ಮೂಲೆ ಬೋಳಾಗಿತ್ತು.

"ಅಯ್ಯಯ್ಯೋ! ಏನು ಮಾಡಿದ್ರಿ ರಂಗಮ್ಮೋರೆ?"

"ಅಂಗಳದ ತುಂಬ ಹುಲ್ಲು ಬಂದಿತ್ತಲ್ಲ. ಪಾಪ, ನಿಮಗೆ ಪುರುಸೊತ್ತಿಲ್ಲ ಅಂತ ಒಂಚೂರು ಕಿತ್ತುಕೊಟ್ಟೆ."

"ಅದು ಲಾನು! ಮಡಿಕೇರಿಯಿಂದ ತರಿಸಿ ಹಾಕಿದ ಲಾನು!"

ರಂಗಮ್ಮ ಕೈಯಲ್ಲಿದ್ದ ಹುಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಹುಲ್ಲಿಗೂ ಲೋನ್ ಕೊಡ್ತಾರಾ?"

ಬಾಗಿಲ ಹಿಂದೆ ನಿಂತಿದ್ದ ಹುಡುಗಿ ತೇಜಸ್ವಿನಿ ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿಯೇ ಸತೀಶ್ ಒಪ್ಪಿಬಿಟ್ಟ. ಇಂಥ ಅತ್ತೆ ಇರುವ ಮನೆಯಲ್ಲಿ ಬೇಜಾರಾಗುವುದಿಲ್ಲ ಎಂದು ಅವಳೂ ಒಪ್ಪಿದಳು, ಮದುವೆಯೂ ಆಯಿತು. ವಿಮಲಮ್ಮ ಮಾತ್ರ ಮನೆಗೆ ಬಂದವರಿಗೆಲ್ಲ ಆ ಬೋಳು ಮೂಲೆಯನ್ನು ಕರೆದೊಯ್ದು ತೋರಿಸುತ್ತಿದ್ದರು.

ಹೀಗೆ ನಡೆಯುತ್ತಿದ್ದ ರಂಗಮ್ಮನ ರಾಜ್ಯಭಾರ ಒಂದು ಶ್ರಾವಣದಲ್ಲಿ ನಿಂತಿತು. ಕೆಂಚಿಯ ಹೊಲದಲ್ಲಿ ಸಾಲು ಮುಗಿಸಿ ಏಳಲು ಹೋದವಳಿಗೆ ಏಳಲಾಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಹೆಂಗಸರೆಲ್ಲ ಸೇರಿ ಅವಳನ್ನು ಕೂತ ಭಂಗಿಯಲ್ಲೇ ಎತ್ತಿ ಬದುವಿನ ಮೇಲಿಟ್ಟರು. ಅಷ್ಟು ನೋವಿನಲ್ಲೂ ಅವಳು, "ಲೇ ಕೆಂಚಿ, ಹಿಂದ್ಗಡೆ ಸಾಲಲ್ಲಿ ಒಂದು ಬಿಟ್ಟಿದ್ದೀಯ ನೋಡು" ಎಂದಳಂತೆ.

ಡಾಕ್ಟರು ಎಕ್ಸ್‌ರೇ ನೋಡಿ, ಮಂಡಿ ಸವೆದಿದೆ, ಇನ್ನು ಕುಕ್ಕರುಗಾಲಲ್ಲಿ ಕೂರುವ ಹಾಗಿಲ್ಲ ಎಂದರು. ನಿಂತು ಮಾಡುವ ಕೆಲಸ ಮಾಡಬಹುದು, ನಡೆಯಬಹುದು. ಆದರೆ ಹೊಲದಲ್ಲಿ ಕೂರುವುದು ಬೇಡ.

"ಹಂಗಾದ್ರೆ ಕಳೆ?" ಎಂದಳು ರಂಗಮ್ಮ.

"ಬೇರೆಯವರು ಕೀಳಲಿ ಅಮ್ಮ."

ಡಾಕ್ಟರಿಗೆ ಏನು ಗೊತ್ತು? ಮುಯ್ಯಾಳು ಎಂದರೆ ಕೈಗೆ ಕೈ. ಇವಳು ಹೋಗದಿದ್ದರೆ ಅವರು ಬರುವುದು ಹೇಗೆ? ಬಂದೇ ಬರುತ್ತೇವೆ ಎಂದು ಕೆಂಚಿ ಹೇಳಿದಳು. ಹಾಗೆ ಸುಮ್ಮನೆ ಕರೆಸಿಕೊಳ್ಳಲು ರಂಗಮ್ಮನ ಮನಸ್ಸು ಒಪ್ಪಲಿಲ್ಲ. ಆ ವರ್ಷದ ಬೆಳೆ ಹೇಗೋ ಮುಗಿಯಿತು. ಬೇಸಿಗೆ ಬಂತು. ಬಿತ್ತನೆಯ ಮಾತು ಎದ್ದಾಗ ಸತೀಶ್ ಅಂದ:

"ಅವ್ವಾ, ಎಲ್ರೂ ಮಾಡೋ ಹಂಗೆ ಮಾಡೋಣ. ಬಿತ್ತೋಕೆ ಮುಂಚೆ ಒಂದ್ಸಲ ಕಳೆ ಔಷ್ದಿ ಹೊಡ್ಸಿಬಿಟ್ರೆ ಮುಗೀತು."

"ಔಷ್ದಿ ಹೊಡದ್ರೆ ಸೊಪ್ಪು?"

ಇದು ಸಣ್ಣ ಪ್ರಶ್ನೆಯಲ್ಲ. ರಾಗಿ ಹೊಲದಲ್ಲಿ ಬೇಡದೆ ಹುಟ್ಟುವುದೆಲ್ಲ ರಂಗಮ್ಮನ ಲೆಕ್ಕದಲ್ಲಿ ಕಳೆಯಲ್ಲ. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕನ್ನೆ ಸೊಪ್ಪು, ಕೀರೆ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬೇಯಿಸಿ ಮಾಡುವ ಬೆರಕೆ ಸೊಪ್ಪಿನ ಸಾರಿಗೆ ಮುದ್ದೆ ಅದ್ದಿಕೊಂಡರೆ ಅವಳಿಗೆ ಬೇರೆ ಹಬ್ಬ ಬೇಡ. ಹಿಂದಿನ ವರ್ಷ ರಸ್ತೆಯಾಚೆಯ ಹೊಲಕ್ಕೆ ಹೊಡೆದ ಔಷಧಿ ಗಾಳಿಗೆ ಹಾರಿ ಬಂದು ಇವರ ಬದುವಿನ ಸೊಪ್ಪೆಲ್ಲ ಸುಟ್ಟ ಹಾಗೆ ಹಳದಿಯಾಗಿತ್ತು. ಆ ಸಲ ಅವಳು ಅಂಗಡಿಯ ಪಾಲಕ್ ತಂದು ಸಾರು ಮಾಡಿ, ಒಂದು ತುತ್ತು ತಿಂದು, ಉಳಿದದ್ದನ್ನು ಗಂಡನಿಗೆ ಬಡಿಸಿದಳು. ಸಣ್ಣಸ್ವಾಮಿ ನಿಧಾನವಾಗಿ ಎರಡು ದಿನ ತಿಂದ.

"ಔಷ್ದಿ ಬ್ಯಾಡ," ಎಂದಳು.

ಉಪಾಯ ತಂದವಳು ತೇಜಸ್ವಿನಿ. ಸ್ತ್ರೀಶಕ್ತಿ ಸಂಘದ ಸಭೆಗೆ ಕೃಷಿ ಇಲಾಖೆಯಿಂದ ಒಬ್ಬ ಮೇಡಂ ಬಂದು ವಿವರಿಸಿದ್ದನ್ನು ಅವಳು ಮನೆಗೆ ಬಂದು ಅತ್ತೆಯ ಮುಂದೆ ಒಪ್ಪಿಸಿದಳು.

"ಅತ್ತೆ, ಬಿತ್ತೋಕೆ ಒಂದು ತಿಂಗಳು ಮುಂಚೆಯೇ ಹೊಲ ಉತ್ತು ಹದ ಮಾಡಿ ಬಿಡಬೇಕಂತೆ. ಬಿತ್ತಬಾರದು, ಸುಮ್ನೆ ಬಿಡಬೇಕು. ಮಳೆ ಬಂದ ತಕ್ಷಣ ಮೇಲಿನ ಮಣ್ಣಲ್ಲಿರೋ ಕಳೆ ಬೀಜ ಎಲ್ಲ ಮೊಳೆತು ಬರ್ತವೆ. ಎರಡೆಲೆ ಮೂರೆಲೆ ಆದಾಗ ಒಂದು ಒಳ್ಳೆ ಬಿಸಿಲು ದಿನ ನೋಡಿ, ಮೇಲೆ ಮೇಲೆ ಕುಂಟೆ ಹೊಡೆದರೆ ಅಷ್ಟೂ ಒಣಗಿ ಹೋಗ್ತವೆ. ಇನ್ನೊಂದು ಸಲ ಬರೋಕೆ ಬಿಡಬೇಕು, ಇನ್ನೊಂದು ಸಲ ಕುಂಟೆ ಹೊಡೀಬೇಕು. ಆಮೇಲೆ ಬಿತ್ತಿದರೆ ಮೊಳೆಯೋಕೆ ಕಳೆಯೇ ಉಳಿದಿರಲ್ಲ."

"ಮಳೆ ಬರದೆ ಹೋದ್ರೆ?"

"ನಾವೇ ನೀರು ಬಿಡಬೇಕು."

"ಯಾತಕ್ಕೆ?"

"ಕಳೆಗೆ."

ರಂಗಮ್ಮ ತನ್ನ ಮಂಡಿಯನ್ನು ಸೊಸೆಗೆ ತಟ್ಟಿ ತೋರಿಸಿದಳು. "ನಾನು ಹುಟ್ಟಿದಾಗಿಂದ ಕಿತ್ತು ಕಿತ್ತು ಮಂಡಿ ಕಳ್ಕೊಂಡೆ. ಈಗ ಅದಕ್ಕೆ ನೀರು ಕುಡಿಸ್ಬೇಕಾ?"

"ಮದುವೆ ಊಟಕ್ಕೆ ಅಂತ ಕರೆದು, ಬಂದ ಮೇಲೆ ಬಾಗಿಲು ಹಾಕಿ ಬಾರಿಸೋದು ಅತ್ತೆ."

ಈ ಮಾತು ರಂಗಮ್ಮನಿಗೆ ಹಿಡಿಸಿತು.

ಏಪ್ರಿಲ್‌ನಲ್ಲಿ ಬಿದ್ದ ಒಂದು ಮಳೆಗೆ ಸಣ್ಣಸ್ವಾಮಿ ತನ್ನ ಜೋಡೆತ್ತು ಕಟ್ಟಿ ಹೊಲ ಉತ್ತು, ಹೆಂಟೆ ಒಡೆದು ಸಮ ಮಾಡಿದ. ಆಮೇಲೆ ಮಳೆ ಕೈಕೊಟ್ಟಿತು. ಮೋಡ ಬರುವುದು, ಮಡಿಕೇರಿ ಬೆಟ್ಟದ ಕಡೆ ಹೋಗುವುದು. ಮೇ ತಿಂಗಳು ಅರ್ಧ ಕಳೆದರೂ ಹೊಲದಲ್ಲಿ ಒಂದು ಕಡ್ಡಿ ಹಸಿರಿಲ್ಲ. "ಬೇಡ ಅಂದಾಗ ಮೊಣಕಾಲುದ್ದ ಬರ್ತಿತ್ತು, ಕರೆದ್ರೆ ಬರಲ್ಲ ಅಂತದೆ. ಕಳೆಗೂ ಕೊಬ್ಬು" ಎಂದು ರಂಗಮ್ಮ ಬಯ್ದಳು.

ಕಾಫಿ ತೋಟಗಳಲ್ಲಿ ಹೂ ಬಿಡಿಸಲು ಮಳೆಯ ಹಾಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರುತ್ತದೆ. ಹೂವಿನ ಕಾಲ ಮುಗಿದ ಮೇಲೆ ಅದಕ್ಕೆ ಕೆಲಸವಿಲ್ಲ. ಸತೀಶ್ ಅತ್ತೆಮನೆಗೆ ಹೋಗಿ ಪೈಪುಗಳನ್ನೂ ಪಂಪನ್ನೂ ಆಟೋಗೆ ಹೇರಿಕೊಂಡು ಬಂದ. ಯಾವ ಬೆಳೆಗೆ ಎಂದು ವಿಮಲಮ್ಮ ಕೇಳಿದಾಗ, ಹೇಳಲು ನಾಚಿ "ಹೊಲಕ್ಕೆ" ಎಂದಷ್ಟೇ ಹೇಳಿದ್ದ. ಕೃಷಿ ಹೊಂಡದಲ್ಲಿ ಉಳಿದಿದ್ದ ನೀರಿಗೆ ಪಂಪು ಇಟ್ಟು ಶುರು ಮಾಡಿದರು. ಬಿತ್ತದ ಹೊಲದ ಮೇಲೆ ನೀರು ಕೊಡೆ ಬಿಚ್ಚಿದ ಹಾಗೆ ತಿರುಗುತ್ತಿತ್ತು. ಊರಿಗೆ ಊರೇ ಬದುವಿನ ಮೇಲೆ ಬಂದು ನಿಂತಿತು.

"ರಂಗಕ್ಕ, ಏನ್ ಬಿತ್ತಿದ್ದೀಯೆ?" ಕೆಂಚಿ ಕೇಳಿದಳು.

"ಏನೂ ಇಲ್ಲ."

"ಮತ್ತೆ ನೀರು?"

"ಕಳೆ ಬರ್ಲಿ ಅಂತ."

ಕೆಂಚಿ ಮೆಲ್ಲಗೆ ಬದುವಿನ ಮೇಲೆ ಕೂತಳು. "ಮಂಡಿ ನೋವು ತಲೆಗೂ ಹತ್ತುತ್ತಾ ಅಂತ ಡಾಕ್ಟ್ರನ್ನ ಒಂದ್ಮಾತು ಕೇಳ್ಬೇಕಿತ್ತು ಕಣಕ್ಕ."

ಸಂಜೆಯೊಳಗೆ ಊರಲ್ಲಿ ಹಲವು ಸುದ್ದಿಗಳು ಹುಟ್ಟಿದವು. ರಂಗಮ್ಮ ಹರಕೆ ಹೊತ್ತಿದ್ದಾಳೆ ಎಂದರು ಕೆಲವರು. ಯಾವುದೋ ರೆಸಾರ್ಟಿಗೆ ಹುಲ್ಲು ಬೆಳೆದುಕೊಡಲು ಒಪ್ಪಿಕೊಂಡಿದ್ದಾಳೆ ಎಂದರು ಇನ್ನು ಕೆಲವರು. ಸಣ್ಣಸ್ವಾಮಿಯನ್ನು ಕೇಳಿದರೆ, "ನಂಗೆ ಎತ್ತು ಹೊಡಿ ಅಂದ್ರೆ ಹೊಡೀತೀನಿ. ಯಾಕೆ ಅಂತ ಕೇಳೋ ಅಭ್ಯಾಸ ಮದ್ವೆ ಆದ್ಮೇಲೆ ಬಿಟ್ಟೆ" ಎಂದ.

ವಾರ ಕಳೆಯುವಷ್ಟರಲ್ಲಿ ಹೊಲಕ್ಕೆ ಹೊಲವೇ ಹಸಿರು ಕಂಬಳಿ ಹೊದ್ದುಕೊಂಡಿತು. ಒಂದಿಂಚು ಬಿಡದೆ ಕಳೆ. ದುಬಾರೆಯ ಆನೆ ನೋಡಲು ಹೊರಟಿದ್ದ ಒಂದು ಕಾರು ನಿಂತು, ಒಳಗಿನಿಂದ ಇಳಿದ ಗಂಡ ಹೆಂಡತಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

"ಎಷ್ಟು ಚೆನ್ನಾಗಿದೆ ಅಮ್ಮ! ಏನು ಬೆಳೆ ಇದು?"

"ಕಳೆ."

"ಆರ್ಗ್ಯಾನಿಕ್ಕಾ?"

"ಹ್ಞೂಂ ಕಣವ್ವ. ಒಂದು ಹನಿ ಔಷ್ದಿ ಸೋಕ್ಸಿಲ್ಲ," ಎಂದಳು ರಂಗಮ್ಮ, ಸುಳ್ಳಲ್ಲದ ಮಾತು.

ಆದರೆ ಒಳಗೊಳಗೆ ಅವಳಿಗೆ ಸಂಕಟ. ಕೈ ತುರಿಸುತ್ತಿತ್ತು. ಇನ್ನೂ ಎಲ್ಲ ಮೊಳೆತಿಲ್ಲ, ಇನ್ನೊಂದಿಷ್ಟು ದಿನ ಕಾಯಬೇಕು ಎಂದು ಸೊಸೆ ಹೇಳಿದ್ದಳು. ಒಂದು ಬೆಳಿಗ್ಗೆ ತೇಜಸ್ವಿನಿ ಎದ್ದು ನೋಡಿದರೆ ಅತ್ತೆ ಹೊಲದಲ್ಲಿ. ಕೂರುವ ಹಾಗಿಲ್ಲವಲ್ಲ, ಸೊಂಟ ಬಗ್ಗಿಸಿ ಕೊಕ್ಕರೆಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದಾಳೆ.

"ಏನು ಮಾಡ್ತಿದ್ದೀರಿ ಅತ್ತೆ?"

ರಂಗಮ್ಮ ನೆಟ್ಟಗಾದಳು. "ವಾಕಿಂಗು. ಡಾಕ್ಟ್ರು ಹೇಳವ್ರೆ."

"ಮಡಿಲಲ್ಲಿ ಏನು?"

"ಸೊಪ್ಪು. ಸಾರಿಗೆ."

ತೇಜಸ್ವಿನಿ ಹತ್ತಿರ ಬಂದು ಸೆರಗು ಬಿಡಿಸಿ ನೋಡಿದಳು. ಪೂರ್ತಿ ಕಾಂಗ್ರೆಸ್ ಗಿಡ. ದನವೂ ಮೂಸಿ ಬಿಡುವಂಥದ್ದು. "ಇದರದ್ದು ಬಸ್ಸಾರು ಮಾಡೋದಾ, ಮಸ್ಸೊಪ್ಪು ಮಾಡೋದಾ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಂದಿನಿಂದ ರಂಗಮ್ಮ ಹೊಲದ ಕಡೆ ಹೋಗುವಾಗ ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ಹೋಗತೊಡಗಿದಳು. ಬದುವಿನ ಪಕ್ಕದ ಒಂದು ಪಟ್ಟಿಯನ್ನು ಮಾತ್ರ ಕುಂಟೆ ಮುಟ್ಟಬಾರದೆಂದು ಗಂಡನಿಗೆ ತಾಕೀತು ಮಾಡಿ ಸೊಪ್ಪಿಗೆಂದು ಉಳಿಸಿಕೊಂಡಳು.

ಮೋಡವಿಲ್ಲದ ದಿನ ನೋಡಿ ಸಣ್ಣಸ್ವಾಮಿ ಕುಂಟೆ ಕಟ್ಟಿದ. ಅದರ ಅಗಲವಾದ ಅಲಗು ಮಣ್ಣಿನ ಚರ್ಮವನ್ನಷ್ಟೇ ಕೆರೆಯುತ್ತ ಹೋಯಿತು. ಎಳೆಯ ಕಳೆಗಳು ಬೇರು ಮೇಲೆ ಮಾಡಿ ಮಲಗಿದವು. ಮಧ್ಯಾಹ್ನದ ಬಿಸಿಲಿಗೆ ಬಾಡಿದವು. ಸಂಜೆ ರಂಗಮ್ಮ ಬಂದು ಕಾಲಿನಿಂದ ಕೆದಕಿ ನೋಡಿದಾಗ ತರಗಿನ ಹಾಗೆ ಸದ್ದು ಮಾಡುತ್ತಿದ್ದವು. ಊರ ಹೆಂಗಸರೆಲ್ಲ ಸೇರಿ ದಿನಗಟ್ಟಲೆ ಕೀಳಬೇಕಾದದ್ದು ಒಂದೇ ದಿನದಲ್ಲಿ, ಅದೂ ಸಣ್ಣಸ್ವಾಮಿಯಂಥ ನಿಧಾನಸ್ಥನ ಕೈಯಲ್ಲಿ! ಅವಳಿಗೆ ಹಿಗ್ಗೂ ಆಯಿತು, ಸ್ವಲ್ಪ ಅವಮಾನವೂ ಆಯಿತು.

ಆಮೇಲೆ ಮಳೆ ಬಂತು. ಎರಡನೆಯ ಸಲ ಕಳೆ ಮೊಳೆಯಿತು, ಆದರೆ ಈಗ ಬೋಳುತಲೆಯವನ ಕೂದಲಿನ ಹಾಗೆ ಅಲ್ಲೊಂದು ಇಲ್ಲೊಂದು. ಮಳೆ ಬಿಡುವು ಕೊಟ್ಟ ದಿನ ಅದಕ್ಕೂ ಕುಂಟೆ ಹೊಡೆದರು. ಜೇಕು ಎಂಬ ಗೆಡ್ಡೆ ಹುಲ್ಲು ಮಾತ್ರ ಜಗ್ಗಲಿಲ್ಲ. ಅದರ ಗೆಡ್ಡೆ ಆಳದಲ್ಲಿರುತ್ತದೆ, ಈ ಉಪಾಯಕ್ಕೆ ಅದು ಸೋಲುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರಂತೆ. ಅದು ಎದ್ದಿದ್ದ ಒಂದು ಮೂಲೆಯನ್ನು ರಂಗಮ್ಮ ಗುದ್ದಲಿ ಹಿಡಿದು ನಿಂತುಕೊಂಡೇ ಅಗೆದು ಹಾಕಿದಳು.

"ಇನ್ನು ಮಣ್ಣನ್ನ ಆಳವಾಗಿ ಕೆದಕಬಾರದು ಅತ್ತೆ," ಎಂದಳು ತೇಜಸ್ವಿನಿ. "ಮೇಲಿದ್ದ ಬೀಜ ಎಲ್ಲ ಮೊಳೆತು ಸತ್ತವು. ಕೆಳಗಡೆ ಇರೋವು ಇನ್ನೂ ಮಲಗಿವೆ. ಉತ್ತರೆ ಅವು ಮೇಲೆ ಬಂದು ಎದ್ದುಬಿಡ್ತವೆ. ಹೀಗೇ ಕೂರಿಗೆ ಹಾಕಿ ಬಿತ್ತಿಬಿಡಬೇಕು."

"ಮಲಗಿರೋವ್ರನ್ನ ಎಬ್ಬಿಸ್ಬಾರ್ದು. ಸರಿ," ಎಂದಳು ರಂಗಮ್ಮ.

ನಾಳಿದ್ದು ಬಿತ್ತನೆ ಎಂದು ಗೊತ್ತಾಯಿತು. ನಡುವೆ ಒಂದು ದಿನ ಮಂಡಿ ತೋರಿಸಲು ಅತ್ತೆ ಸೊಸೆ ಮಡಿಕೇರಿ ಆಸ್ಪತ್ರೆಗೆ ಹೋದರು. ಸತೀಶ್ ಬಾಡಿಗೆಗೆ ಹೋಗಿದ್ದ. ಮನೆಯಲ್ಲಿ ಸಣ್ಣಸ್ವಾಮಿ ಊಟ ಮಾಡಿ ಮಲಗಿದ್ದ.

ಆ ಹೊತ್ತಿಗೆ ಒಂದು ಹಲಸಿನ ಹಣ್ಣು ಹಿಡಿದುಕೊಂಡು ವಿಮಲಮ್ಮ ಬಂದರು. ಮಗಳನ್ನು ನೋಡಿಕೊಂಡು ಸ್ಪ್ರಿಂಕ್ಲರ್ ಏನಾಯಿತೆಂದು ವಿಚಾರಿಸಿಕೊಂಡು ಹೋಗೋಣವೆಂದು ಬಂದವರು. ಬಾಗಿಲು ತಟ್ಟಿದರೆ ಗೊರಕೆ ಮಾತ್ರ ಕೇಳಿಸಿತು. ಹೊಲದ ಕಡೆ ಹೋಗಿ ನೋಡಿದರು. ಸುತ್ತಮುತ್ತಲಿನ ಹೊಲಗಳೆಲ್ಲ ಹೊಸದಾಗಿ ಉತ್ತು ಕೆಂಪಗೆ ಅರಳಿವೆ. ಬೀಗರ ಹೊಲ ಮಾತ್ರ ಚಪ್ಪಟೆಯಾಗಿ, ಒಣಹುಲ್ಲು ಮೆತ್ತಿಕೊಂಡು ಬಿದ್ದಿದೆ. ಪಾಪ, ಆಕೆಗೆ ಮಂಡಿ ಹೋಗಿದೆ, ಗಂಡ ನೋಡಿದರೆ ಹೀಗೆ ಮಲಗಿದ್ದಾನೆ, ಉಳುವುದಕ್ಕೂ ದಿಕ್ಕಿಲ್ಲ. ರಸ್ತೆಯಾಚೆ ಕೆಲಸ ಮುಗಿಸಿ ಹೊರಟಿದ್ದ ಒಂದು ಟ್ರಾಕ್ಟರನ್ನು ಕೈಬೀಸಿ ನಿಲ್ಲಿಸಿದರು.

"ಚೆನ್ನಾಗಿ ಆಳಕ್ಕೆ ಹೊಡಿಯಪ್ಪ. ನಮ್ಮ ಬೀಗರದ್ದು."

ಟ್ರಾಕ್ಟರಿನ ಸದ್ದು ಸಣ್ಣಸ್ವಾಮಿಗೂ ಕೇಳಿಸಿತಂತೆ. ಕನಸಿನಲ್ಲಿ ತಾನು ಟ್ರಾಕ್ಟರ್ ಕೊಂಡಿದ್ದೇನೆ ಎಂದುಕೊಂಡು ಸಂತೋಷದಿಂದ ಮಗ್ಗುಲು ಬದಲಾಯಿಸಿದನಂತೆ.

ಮಡಿಕೇರಿಯ ಬಸ್ಸಿನಿಂದ ಇಳಿದ ರಂಗಮ್ಮ ರಸ್ತೆಯಿಂದಲೇ ನೋಡಿದಳು. ತನ್ನ ಹೊಲದಲ್ಲಿ ಟ್ರಾಕ್ಟರು. ಆಳದ ಮಣ್ಣು ಅಡಿಮೇಲಾಗುತ್ತಿದೆ. ನಿಧಾನಕ್ಕೆ ನಡೆಯಿರಿ ಎಂದು ಡಾಕ್ಟರು ಆಗಷ್ಟೇ ಹೇಳಿ ಕಳಿಸಿದ್ದ ಹೆಂಗಸು, ಸೀರೆ ಎತ್ತಿ ಕಟ್ಟಿ ಓಡಿದಳು. ಹಿಂದೆ ತೇಜಸ್ವಿನಿ ಮಾತ್ರೆಯ ಚೀಲ ಹಿಡಿದು ಓಡಿದಳು.

"ನಿಲ್ಸಪ್ಪೋ! ನಿಲ್ಸು! ಮಲಗಿರೋವ್ರೆಲ್ಲ ಎದ್ದುಬಿಡ್ತಾರೆ!"

ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿ, ಕೆಳಗೆ ಹಾರಿ, ಯಾರಪ್ಪ ಮಲಗಿದ್ದಾರೆ ಎಂದು ಚಕ್ರದ ಅಡಿ ಬಗ್ಗಿ ನೋಡಿದ. ಇತ್ತ ಬದುವಿನ ಮೇಲಿಂದ ವಿಮಲಮ್ಮ ಮುಖ ಅರಳಿಸಿಕೊಂಡು, "ಬಂದ್ರಾ ರಂಗಮ್ಮೋರೆ? ನೀವು ಬರೋಷ್ಟರಲ್ಲಿ ಪೂರ್ತಿ ಮುಗಿಸಿ ಆಶ್ಚರ್ಯ ಮಾಡೋಣ ಅಂತಿದ್ದೆ!" ಎಂದರು.

ಆಶ್ಚರ್ಯವೇನೋ ಆಗಿತ್ತು. ರಂಗಮ್ಮ ಏದುಸಿರು ಬಿಡುತ್ತ ಟ್ರಾಕ್ಟರಿಗೆ ಒರಗಿ ನಿಂತಳು. ತೇಜಸ್ವಿನಿ ತಾಯಿಗೆ ಎಲ್ಲ ಬಿಡಿಸಿ ಹೇಳಿದಳು. ಕಳೆಗೆ ನೀರು ಬಿಟ್ಟದ್ದು, ಕಾದದ್ದು, ಎರಡು ಸಲ ಕುಂಟೆ ಹೊಡೆದದ್ದು. ಕೇಳುತ್ತ ಕೇಳುತ್ತ ವಿಮಲಮ್ಮನ ಮುಖ ಬಾಡಿತು. ಒಳ್ಳೆಯದು ಮಾಡಲು ಬಂದು ಹೀಗಾಯಿತಲ್ಲ ಎಂದು ಸೆರಗು ಕಣ್ಣಿಗೆ ಒತ್ತಿಕೊಂಡರು. ಹೊಲದಲ್ಲಿ ಕಾಲು ಭಾಗ ಆಳಕ್ಕೆ ಉತ್ತಾಗಿತ್ತು.

ರಂಗಮ್ಮ ಹೊಲವನ್ನು ನೋಡಿದಳು, ಬೀಗಿತ್ತಿಯನ್ನು ನೋಡಿದಳು. ಬಯ್ಯಲು ಬಾಯಿ ತುಂಬ ಮಾತಿತ್ತು. ಆದರೆ ಬಿಸಿಲಲ್ಲಿ ಹಣ್ಣು ಹೊತ್ತು ಬಂದು, ಉರಿಯುವ ಬದುವಿನ ಮೇಲೆ ತನಗಾಗಿ ನಿಂತವರ ಮುಂದೆ ಒಂದೂ ಹೊರಗೆ ಬರಲಿಲ್ಲ.

"ಅಳಬ್ಯಾಡಿ ವಿಮಲಮ್ಮೋರೆ. ನಿಮ್ಮ ಲೋನು ನಾನು ಕಿತ್ತೆ. ನನ್ನ ಹೊಲ ನೀವು ಉತ್ರಿ. ಇವತ್ತಿಗೆ ಸಮ ಆಯ್ತು. ಬನ್ನಿ, ಹಣ್ಣು ಕುಯ್ಯೋಣ."

ಮತ್ತೆ ಕಾಯಲು ಹೊತ್ತಿರಲಿಲ್ಲ, ಮಳೆ ಬಾಗಿಲಿಗೆ ಬಂದಿತ್ತು. ಉತ್ತ ಕಾಲು ಭಾಗಕ್ಕೂ ಉಳಿದ ಮುಕ್ಕಾಲಿಗೂ ಒಟ್ಟಿಗೇ ರಾಗಿ ಬಿತ್ತಿದರು.

ಪೈರು ಮೇಲೆದ್ದಾಗ ಊರವರು ಮತ್ತೆ ಬದುವಿನ ಮೇಲೆ ಬಂದು ನಿಂತರು. ಕುಂಟೆ ಹೊಡೆದು ಬಿಟ್ಟ ಕಡೆ ರಾಗಿಯ ಸಾಲುಗಳ ನಡುವೆ ಮಣ್ಣು ಕಾಣುತ್ತಿತ್ತು. ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ, ಕೈಬೆರಳಲ್ಲಿ ಎಣಿಸುವಷ್ಟು ಕಳೆ ಅಲ್ಲಲ್ಲಿ. ವಿಮಲಮ್ಮನ ಕಾಲು ಭಾಗದಲ್ಲಿ ರಾಗಿಯನ್ನು ಹುಡುಕಬೇಕಿತ್ತು. ಕೆಂಚಿ ಎರಡರ ನಡುವೆ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ನಿಂತು ಬಹಳ ಹೊತ್ತು ನೋಡಿದಳು.

"ಅಕ್ಕ, ಆವತ್ತು ತಲೆ ಬಗ್ಗೆ ಒಂದು ಮಾತು ಅಂದಿದ್ದೆ."

"ಕೇಳಿಸ್ಕೊಂಡಿದ್ದೆ."

"ವಾಪಸ್ ತಗೊಂಡೆ."

ಕೆಂಚಿ ಮತ್ತು ಹೆಂಗಸರು ಕರೆಯದೆಯೇ ಬಂದು ಆ ಕಾಲು ಭಾಗದ ಕಳೆ ಕಿತ್ತುಕೊಟ್ಟರು. ಹಿಂದೆಲ್ಲ ವಾರ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನದ ಊಟದೊಳಗೆ ಮುಗಿದುಹೋಯಿತು. ರಂಗಮ್ಮ ಮುದ್ದೆಗೆ ಬದುವಿನ ಬೆರಕೆ ಸೊಪ್ಪಿನ ಸಾರು ಬಡಿಸಿದಳು. ಎಲ್ಲರೂ ಉಂಡು, ಹೊಗಳಿ, ಮರುದಿನ ಕೆಂಚಿಯ ಹೊಲಕ್ಕೆ ಹೋದರು.

ಅಂದು ರಂಗಮ್ಮ ತನ್ನ ಬದುವಿನ ಮೇಲೆ ಒಬ್ಬಳೇ ನಿಂತಿದ್ದಳು. ಚೊಕ್ಕವಾದ ಹೊಲ. ಮಾಡಲು ಏನೂ ಇಲ್ಲ. ಪಕ್ಕದ ಹೊಲದಿಂದ ಹೆಂಗಸರ ನಗು ಕೇಳಿಸಿತು. ಯಾವುದೋ ಮಾತಿಗೆ ಎಲ್ಲರೂ ಒಟ್ಟಿಗೆ ಗೊಳ್ಳೆಂದರು. ಯಾವ ಮಾತು ಎಂದು ಅವಳಿಗೆ ಕೇಳಿಸಲಿಲ್ಲ. ಕಳೆಯನ್ನು ಗೆದ್ದ ಖುಷಿಯಲ್ಲಿ ಅವಳು ಇದನ್ನು ಯೋಚಿಸಿರಲೇ ಇಲ್ಲ. ಇಷ್ಟು ವರ್ಷ ಕುಕ್ಕರುಗಾಲಲ್ಲಿ ಕೂತದ್ದು ಹುಲ್ಲು ಕೀಳುವುದಕ್ಕಷ್ಟೇ ಅಲ್ಲ. ಮನೆಗೆ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತಳು.

ಸಣ್ಣಸ್ವಾಮಿ ನೋಡಿದ. ಅವನು ನಿಧಾನ ಎಂದೆನಲ್ಲ, ಆದರೆ ಹೆಂಡತಿ ಮಾತಾಡದೆ ಕೂತದ್ದನ್ನು ಕಂಡುಹಿಡಿಯಲು ಬಹಳ ಬುದ್ಧಿ ಬೇಕಿರಲಿಲ್ಲ. ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಹೆಗಲ ಮೇಲಿಟ್ಟುಕೊಂಡ.

"ನಡಿ."

"ಎಲ್ಲಿಗೆ?"

"ಕೆಂಚಿ ಹೊಲಕ್ಕೆ. ಡಾಕ್ಟ್ರು ಕುಕ್ಕರುಗಾಲು ಬ್ಯಾಡ ಅಂದವ್ರೆ. ಬಾಯಿ ಬ್ಯಾಡ ಅಂದಿಲ್ವಲ್ಲ."

ಕೆಂಚಿಯ ಹೊಲದಲ್ಲಿ ಗಂಡ ಮುಂದೆ ಕುರ್ಚಿ ಹೊತ್ತು, ಹೆಂಡತಿ ಹಿಂದೆ ಕುಂಟುತ್ತ ಬಂದದ್ದನ್ನು ಕಂಡು ಹೆಂಗಸರು ಕೂಗು ಹಾಕಿದರು. ಸಾಲುಗಳ ಎದುರಿಗೆ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ರಂಗಮ್ಮ ಕೂತಳು. ಮಡಿಕೇರಿ ಆಸ್ಪತ್ರೆಯ ಸಾಲಿನಲ್ಲಿ ಕಂಡವರ ಕತೆಯಿಂದ ಶುರು ಮಾಡಿದಳು. ದೂರವಿದ್ದವರಿಗೆ ಕೇಳಿಸದೆ ಅವರು ಬೇಗ ಬೇಗ ಕಳೆ ಕಿತ್ತು ಹತ್ತಿರ ಬರತೊಡಗಿದರು. ಸಾಲು ಮುಗಿದಂತೆ ಕುರ್ಚಿಯನ್ನು ಮುಂದಕ್ಕೆ ಎಳೆದರು. ಆ ಹಂಗಾಮಿನಲ್ಲಿ ರಂಗಮ್ಮನ ಕುರ್ಚಿ ಹೋಗದ ಹೊಲ ಊರಲ್ಲಿ ಇರಲಿಲ್ಲ. ಮುಯ್ಯಾಳಿನ ಲೆಕ್ಕದಲ್ಲಿ ಅವಳದೂ ಒಂದು ಆಳು ಎಂದು ಕೆಂಚಿಯೇ ತೀರ್ಪು ಕೊಟ್ಟಳು.

ಮರುವರ್ಷ ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಪೈಪು ಹೊಲದಿಂದ ಹೊಲಕ್ಕೆ ಓಡಾಡಿತು. ಕೆಂಚಿ ಕಳೆಗೆ ನೀರು ಬಿಟ್ಟಳು, ಇನ್ನೂ ನಾಲ್ಕಾರು ಮನೆಯವರು ಬಿಟ್ಟರು. ಕೆಲವರಿಗೆ ಹೊಂದಿಬಂತು. ಒಬ್ಬರು ಕುಂಟೆ ಹೊಡೆದ ಸಂಜೆಯೇ ಮಳೆ ಸುರಿದು ಕಳೆಯೆಲ್ಲ ಮತ್ತೆ ಬೇರೂರಿ, ರಂಗಮ್ಮನ ಮನೆ ಮುಂದೆ ಬಂದು ಜಗಳವಾಡಿ ಹೋದರು. ಆದರೂ ಒಟ್ಟಾರೆ ಊರಿನಲ್ಲಿ ಕಳೆ ಕೀಳುವ ಕೆಲಸ ಅರ್ಧಕ್ಕರ್ಧ ಇಳಿಯಿತು. ಮುಯ್ಯಾಳು ಕೂಡುವ ದಿನಗಳೂ ಇಳಿದವು.

ಹಾಗಾಗಿ ಈಗ ಮಳೆಗಾಲದ ಮಧ್ಯಾಹ್ನಗಳಲ್ಲಿ ಹೆಂಗಸರು ರಂಗಮ್ಮನ ಜಗಲಿಯಲ್ಲಿ ಸೇರುತ್ತಾರೆ. ಬರಿಗೈಲಿ ಕೂತರೆ ಮನೆಯ ಗಂಡಸರು ಗೊಣಗುತ್ತಾರೆಂದು ಹಲಸಿನ ಬೀಜದ ಸಿಪ್ಪೆ ಸುಲಿಯುವ ನೆವ ಇಟ್ಟುಕೊಂಡಿದ್ದಾರೆ. ತಿಂಗಳಿಗೊಮ್ಮೆ ಸುಂಟಿಕೊಪ್ಪದ ಬಸ್ಸಿನಲ್ಲಿ ವಿಮಲಮ್ಮನೂ ಬರುತ್ತಾರೆ, ತೋಟದ ಹಲಸಿನ ಬೀಜದ ಚೀಲ ಹೊತ್ತುಕೊಂಡು.

ಮೊನ್ನೆ ನಾನು ಆ ದಾರಿಯಲ್ಲಿ ಹೋಗುವಾಗ ಚೀಲ ಖಾಲಿಯಾಗಿತ್ತು, ಮಾತು ಮುಗಿದಿರಲಿಲ್ಲ.

"ಬೀಜ ಆಯ್ತು ಕಣಕ್ಕ, ಏಳೋಣ್ವಾ?" ಎಂದಳು ಕೆಂಚಿ.

"ಕೂತ್ಕೊಳ್ಳೇ," ಎಂದಳು ರಂಗಮ್ಮ. "ತೇಜು, ಒಳಗೆ ಬೆಳ್ಳುಳ್ಳಿ ಐತೇನವ್ವ? ಇದ್ದಷ್ಟೂ ತಗೊಂಬಾ."